ಕೂಗಿದ ಕಡಸು

ಹುಲ್ಲು ಮರಳಿದ ಇನ್ನೂರ ಹನ್ನೆರಡನೆಯ ವರ್ಷ, ಕಡೆಗಾವಿನ ಮೂವತ್ತೆಂಟನೆಯ ತಿಥಿ, ಮೂರನೆಯ ಸೋಮವಾರ.
ಕರೇಗುಡ್ಡದ ಕಾವಲಿನಿಂದ.

ಹುಟ್ಟಿನಲ್ಲಿ ನನಗಿಂತ ಬಹಳ ಹಿರಿಯರೂ, ಇದನ್ನು ಓದುವ ಹೊತ್ತಿಗೆ ಪ್ರಾಯಶಃ ನನಗಿಂತ ಎಳೆಯರೂ ಆಗಿರುವ ನಿಮಗೆ, ಕಣ್ಣುಗಾರ ಚಿತ್ತಯ್ಯ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಇವನಿಗೆ ಲೆಕ್ಕ ಬಾರದು ಎಂದುಕೊಳ್ಳಬೇಡಿ. ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ಸೋಮವಾರ ದನಗಳಿಗೆ ಬಿಡುವು ಕೊಡಬೇಕೆಂಬ ನಿಮ್ಮ ಪದ್ಧತಿಯನ್ನು ನಾವು ಬಿಡದೆ ಇಟ್ಟುಕೊಂಡೆವು. ಕಾವು ಏರಿದ ಮೇಲೆ ಒಂದು ಬಿಡುವು ಸಾಲದೆ ವಾರಕ್ಕೆ ಮೂರು ಸೋಮವಾರ ಮಾಡಿಕೊಂಡೆವು. ನನ್ನ ಮಾತಿನಲ್ಲಿ ನಿಮಗೆ ಗುರುತು ಹತ್ತದ ಪದಗಳು ಬಂದರೆ ಕ್ಷಮೆಯಿರಲಿ. ನಾನು ಹಟ್ಟಿಯ ಶಾಲೆಯಲ್ಲಿ ನಾಲ್ಕು ಮಣೆ ದಾಟಿದವನು. ಮಣೆ ಎಂದರೆ ನಿಮ್ಮ ತರಗತಿ. ಐದನೆಯ ಮಣೆಯಲ್ಲಿ ಮೇಷ್ಟರಿಗೆ ನಾನೇ ಪಾಠ ಹೇಳತೊಡಗಿದ್ದರಿಂದ ಅವರು ಕೈಮುಗಿದು ಮನೆಗೆ ಕಳಿಸಿದರು. ನಿಮ್ಮ ಕಾಲದ ಕನ್ನಡದಲ್ಲಿ ನಮಗೆ ಉಳಿದಿರುವುದು ಶಂಕುಸ್ಥಾಪನೆಯ ಕಲ್ಲುಗಳ ಮೇಲಿನ ಬರಹ ಮಾತ್ರ. ಅದನ್ನು ಓದಿ ಕಲಿತ ಭಾಷೆ ಇದು. ಸ್ವಲ್ಪ ಬಿಗಿಯಾಗಿದ್ದರೆ ತಪ್ಪು ಕಲ್ಲಿನದು.

ನಿಮ್ಮ ಚಿತ್ರದುರ್ಗದ ಬಂಡೆಗಳಿಂದ ಮೂಡಣಕ್ಕೆ, ಕಣ್ಣು ಹರಿಯುವಷ್ಟು ದೂರವೂ ಹುಲ್ಲು ಬೆಳೆದಿರುವ ಬಯಲು ನಮ್ಮ ಕಾವಲು. ಇಲ್ಲಿ ಬೇಸಾಯ ನಿಂತು ತಲೆಮಾರುಗಳಾದವು. ಬಿತ್ತಿದ್ದನ್ನು ನೆಲವೇ ತಿನ್ನುತ್ತದೆ, ತಿರುಗಿ ಕೊಡುವುದಿಲ್ಲ. ತಾನಾಗಿ ಕೊಡುವುದು ಹುಲ್ಲೊಂದನ್ನೇ. ಮನುಷ್ಯ ಹುಲ್ಲು ತಿನ್ನಲಾರ. ದನ ತಿನ್ನುತ್ತದೆ, ನಾವು ದನವನ್ನು ತಿನ್ನುತ್ತೇವೆ. ಇದನ್ನು ಓದಿ ನಿಮ್ಮಲ್ಲಿ ಕೆಲವರು ಕಿವಿ ಮುಚ್ಚಿಕೊಳ್ಳುತ್ತೀರಿ, ಕೆಲವರು ಬಾಯಿ ಚಪ್ಪರಿಸುತ್ತೀರಿ. ನಿಮ್ಮ ನಿಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳಿ, ನಮಗೆ ಅಷ್ಟು ಪುರುಸೊತ್ತಿಲ್ಲ. ಬೆಳಗಾದರೆ ಜಾಲಿಬೇಲಿಯ ಮೇಲೆ ಮಾಂಸದ ಸೀಳುಗಳನ್ನು ಹರವಿ ಕೊರಬಾಡು ಒಣಗಿಸುವ ಕೆಲಸ, ಆಮೇಲೆ ಚರ್ಮ ಹದ ಮಾಡುವ ಕೆಲಸ, ಕೊಂಬಿನಿಂದ ಗುಂಡಿ, ಬಾಚಣಿಗೆ, ಮಕ್ಕಳ ಪೀಪಿ ಮಾಡುವ ಕೆಲಸ. ಅಂಟಿನಿಂದ ಹಿಡಿದು ದೀಪದ ಕೊಬ್ಬಿನವರೆಗೆ ಎಲ್ಲವೂ ಹಿಂಡಿನಿಂದಲೇ ಬರಬೇಕು.

ಹಾಗಾಗಿ ಇಲ್ಲಿ ದೊಡ್ಡ ಪ್ರಶ್ನೆ ಒಂದೇ. ಹೋರಿಗರುಗಳ ವಿಷಯದಲ್ಲಿ ಯೋಚನೆ ಇಲ್ಲ. ಒಂದೆರಡನ್ನು ಬಿಟ್ಟು ಉಳಿದವೆಲ್ಲ ಅಡುಗೆಮನೆಗೆ. ಕಡಸುಗಳು, ಅಂದರೆ ಇನ್ನೂ ಕರು ಹಾಕದ ಹೆಣ್ಣುಗಳು, ಅವುಗಳಲ್ಲಿ ಯಾವುದನ್ನು ತಳಿಗೆ ಉಳಿಸಿಕೊಳ್ಳಬೇಕು, ಯಾವುದನ್ನು ತಿನ್ನಬೇಕು? ತಪ್ಪಿ ಒಳ್ಳೆಯದನ್ನು ತಿಂದರೆ ನಮ್ಮ ಬಾಯಿಗೆ ರುಚಿ, ಮೊಮ್ಮಕ್ಕಳಿಗೆ ಹಸಿವು. ಇದನ್ನು ತೀರ್ಮಾನಿಸುವವನೇ ಕಣ್ಣುಗಾರ. ಈ ಕೆಲಸ ಸೋದರಮಾವನಿಂದ ಸೋದರಳಿಯನಿಗೆ ಬರುತ್ತದೆ. ನನಗಿಂತ ಮೊದಲಿನವರೂ ಒಳ್ಳೆಯವರೇ ಇದ್ದರಂತೆ. ನಾನು ಬಂದ ಮೇಲೆ ಅವರ ಹೆಸರು ಯಾರೂ ಎತ್ತುವುದಿಲ್ಲ.

ವಿದ್ಯೆಯನ್ನು ಬಚ್ಚಿಡುವವನಲ್ಲ ನಾನು, ಕೇಳಿ. ಹಂಗಾಮಿನ ಮೊದಲಲ್ಲೇ ಹುಟ್ಟಿದ್ದನ್ನು ಮೊದಲು ನೋಡಬೇಕು. ತಾಯಿ ತಡಮಾಡದೆ ಗಬ್ಬವಾಗುವವಳು ಎಂದು ಅರ್ಥ, ಮಗಳೂ ಸಾಮಾನ್ಯವಾಗಿ ಅದೇ ದಾರಿ ಹಿಡಿಯುತ್ತಾಳೆ. ಹಿಂಡಿನಲ್ಲೆಲ್ಲ ಎತ್ತರಕ್ಕೆ ಬೆಳೆದಿದ್ದನ್ನು ಕಂಡು ಮರುಳಾಗುವವನು ದಡ್ಡ. ದೊಡ್ಡ ಮೈಗೆ ದೊಡ್ಡ ಹೊಟ್ಟೆ, ಒಣಗಾಲದಲ್ಲಿ ಮೊದಲು ಬೀಳುವುದು ಅದೇ. ಹಿಂದೆ ನಿಂತು ನೋಡಿದರೆ ಸೊಂಟದ ಮೂಳೆಗಳ ನಡುವೆ ಅಗಲ ಕಾಣಬೇಕು, ಇಲ್ಲದಿದ್ದರೆ ಕರು ಸಿಕ್ಕಿಕೊಳ್ಳುತ್ತದೆ. ನಡೆಯುವಾಗ ಹಿಂಗೊರಸು ಮುಂಗೊರಸಿನ ಗುರುತಿನಲ್ಲೇ ಬೀಳಬೇಕು. ಇಷ್ಟು ಯಾರು ಬೇಕಾದರೂ ಕಲಿಯಬಹುದು. ನಾನಾದರೆ ಕಡಸು ಬಾಲ ಬೀಸುವ ರೀತಿ ನೋಡಿ ಅದರ ಮೊಮ್ಮಗಳ ಕೆಚ್ಚಲು ಎಂಥದೆಂದು ಹೇಳಬಲ್ಲೆ. ಸುಳ್ಳೆನ್ನುವವರು ಮೊಮ್ಮಗಳು ಹುಟ್ಟುವವರೆಗೆ ಕಾಯಲಿ.

ಆರಿಸುವ ದಿನಕ್ಕೆ ಅಂಗೈ ದಿನ ಎಂದು ಹೆಸರು. ಎರಡು ಬಂಡೆಗಳ ನಡುವಿನ ಸಂದಿನಲ್ಲಿ ಕಡಸುಗಳನ್ನು ಒಂದೊಂದಾಗಿ ಬಿಡುತ್ತಾರೆ. ನಾನು ಸಂದಿನ ಬಾಯಲ್ಲಿ ಕುಳಿತಿರುತ್ತೇನೆ, ಬಲಗಡೆ ಕಲಸಿದ ಕೆಮ್ಮಣ್ಣು, ಎಡಗಡೆ ಬೂದಿ. ಉಳಿಯುವುದರ ಸೊಂಟದ ಮೇಲೆ ಬಲ ಅಂಗೈ, ಹೋಗುವುದರ ಮೇಲೆ ಎಡ ಅಂಗೈ. ಒಮ್ಮೆ ಬಿದ್ದ ಅಂಗೈಯನ್ನು ಹಟ್ಟಿಯ ಯಜಮಾನಿ ಬೋರಕ್ಕನೂ ಒರೆಸುವಂತಿಲ್ಲ. ಇದಕ್ಕೆಲ್ಲ ಮೊದಲು ಇನ್ನೊಂದು ಪರೀಕ್ಷೆ ಇದೆ. ಕಡಸಿನ ಕಣ್ಣೆದುರೇ ಅದರ ತಾಯಿಯನ್ನು ಬಂಡೆಯ ಮರೆಗೆ ಎಳೆದೊಯ್ಯುತ್ತಾರೆ. ಕಡಸು ಕೂಗಿದರೆ, ಅದರ ಸೊಂಟ ಎಷ್ಟೇ ಅಗಲವಿರಲಿ, ನಡಿಗೆ ಎಷ್ಟೇ ಚೆಂದವಿರಲಿ, ಬೂದಿ.

ಏಕೆಂದರೆ ಕಾವುಗಾಲದಲ್ಲಿ ನಾವೂ ದನಗಳೂ ಒಂದೇ ಸೂರಿನಡಿ, ನೆಲದೊಳಗೆ ಕೊರೆದ ತಂಪುಮನೆಯಲ್ಲಿ ಇರುತ್ತೇವೆ. ಬಾಗಿಲು ಮುಚ್ಚಿದ ಆ ಗವಿಯಲ್ಲಿ ಒಂದು ಹಸು ಕೂಗಿದರೆ ಹತ್ತು ಕೂಗಿದ ಹಾಗೆ. ಹಿಂಡೇ ಕೂಗಿದರೆ ಜನರ ತಲೆ ಕೆಡುತ್ತಿತ್ತಂತೆ. ಆದ್ದರಿಂದ ಮೊದಲ ಕಣ್ಣುಗಾರರು ಸುಮ್ಮನಿರುವವನ್ನೇ ಆರಿಸಿದರು. ಅವುಗಳ ಹೆಣ್ಣುಗರುಗಳಲ್ಲಿ ಇನ್ನೂ ಸುಮ್ಮನಿರುವವನ್ನು. ನನ್ನ ಕಾಲಕ್ಕೆ ಆ ಪರೀಕ್ಷೆಯಲ್ಲಿ ಯಾವ ಕಡಸೂ ಬಾಯಿ ಬಿಟ್ಟದ್ದಿಲ್ಲ. ನಮ್ಮ ಹಿಂಡು ಮೇಯ್ದು ಮರಳುವಾಗ ನೀವು ನೋಡಬೇಕು. ಬಯಲು ತುಂಬ ದನ, ಕೇಳುವುದು ಗೊರಸು ಮತ್ತು ಉಸಿರು ಮಾತ್ರ. ಸುಮ್ಮನೆ ಹಿಂದೆ ತಿರುಗಿದರೆ ಬೆನ್ನಿಗೆ ಹತ್ತಿಕೊಂಡು ಒಂದು ನಿಂತಿರುತ್ತದೆ, ಯಾವಾಗ ಬಂತೋ ತಿಳಿಯದು. ಕರು ಕಳೆದುಹೋದ ತಾಯಿ ಬಯಲಿನ ಅಂಚಿಗೆ ಹೋಗಿ ನಿಂತು ನೋಡುತ್ತದೆ. ನೋಡುತ್ತಲೇ ಇರುತ್ತದೆ. ಕರೆಯುವುದಿಲ್ಲ. ಕರುವೂ ಎಲ್ಲೋ ಒಂದು ಹಳ್ಳದಲ್ಲಿ ಹಾಗೆಯೇ ನಿಂತು ನೋಡುತ್ತಿರುತ್ತದೆ.

ನನ್ನ ಅಕ್ಕನ ಮಗಳು ನುಂಕಮ್ಮ ಹಿಂಡಿನ ಸೂಲಗಿತ್ತಿ. ಕರು ಹಾಕಿಸುವುದು ಅವಳ ಕೆಲಸ. ಕಳೆದ ಕಾವಿನಲ್ಲಿ ಅವಳು ತಂಪುಮನೆಯಲ್ಲಿ ಒಂದು ತುಂಬುಗಬ್ಬದ ಹಸುವಿನ ಪಕ್ಕ ಕುಳಿತು ಹಗ್ಗ ಹೊಸೆಯುತ್ತಿದ್ದಳು. ಹಸು ಮಲಗಿ ಅವಳನ್ನೇ ನೋಡುತ್ತಿತ್ತು. ಹಗ್ಗ ಮುಗಿಸಿ ತಲೆಯೆತ್ತಿದಾಗಲೂ ನೋಡುತ್ತಲೇ ಇತ್ತು, ಆದರೆ ಮೈ ಆಗಲೇ ತಣ್ಣಗಾಗಿತ್ತು. ಕರು ಅಡ್ಡ ಸಿಕ್ಕಿಕೊಂಡಿತ್ತು. ಅಷ್ಟು ನೋವನ್ನು ಅದು ಒಂದು ಮೊಳ ದೂರದಲ್ಲಿ ತಿಂದಿತ್ತು, ಅವಳಿಗೆ ಗೊತ್ತಾಗಲಿಲ್ಲ. ಆ ಕಾವಿನಲ್ಲಿ ಹೀಗೆ ಹೋದವು ಒಂದೆರಡಲ್ಲ. ಹಿಂಡು ಅರ್ಧಕ್ಕೆ ಇಳಿಯಿತು. ಇನ್ನೊಂದು ಕಾವು ಹೀಗೇ ಹೋದರೆ ಹಿಂಡು ಇರುವುದಿಲ್ಲ, ಹಿಂಡು ಇಲ್ಲದಿದ್ದರೆ ಹಟ್ಟಿ ಇರುವುದಿಲ್ಲ.

ನುಂಕಮ್ಮ ನನ್ನ ಮುಂದೆ ಬಂದು ನಿಂತಳು. "ನೋವು ಅಂತ ಹೇಳಾಕೆ ಬಾಯಿಲ್ಲದ್ದನ್ನೇ ಆರ್ಸಿ ಆರ್ಸಿ ಇಟ್ಟೀರಿ ಮಾವ. ಈಗ ನಾನೇನ್ ಮಾಡ್ಲಿ? ಒಂದೊಂದರ ಹೊಟ್ಟೆ ಮ್ಯಾಲೂ ಕಿವಿ ಇಟ್ಕಂಡ್ ಕೂರ್ಲಾ?"

"ಕೂರು," ಎಂದೆ. "ನಿನ್ ಕಿವೀಗೂ ಒಂದ್ ಕೆಲ್ಸ ಆಗ್ಲಿ. ಮಾವ ಹೇಳಿದ್ದನ್ನ ಅದು ಯಾವತ್ತೂ ಕೇಳಿದ್ದಿಲ್ಲ."

ಅವಳು ನಗಲಿಲ್ಲ. ಯಾವ ಮಾತಿಗೂ ನಗುವ ಹುಡುಗಿ ಅವಳು.

ಈ ವರ್ಷದ ಅಂಗೈ ದಿನ ಕಡೆಯದಾಗಿ ಸಂದಿಗೆ ಬಂದದ್ದು ನವಣೆ ಬಣ್ಣದ ಒಂದು ಕಡಸು, ಆ ಸತ್ತ ಹಸುವಿನ ಹಿಂದಿನ ಕರು. ತಾಯಿ ಇಲ್ಲದ್ದರಿಂದ ಅದನ್ನು ಸಾಕಿದ ನುಂಕಮ್ಮನನ್ನೇ ಬಂಡೆಯ ಮರೆಗೆ ಕಳಿಸಿದ್ದರು. ಹಂಗಾಮಿನ ಮೊದಲ ವಾರದಲ್ಲಿ ಹುಟ್ಟಿದ್ದು. ಸೊಂಟ ನೋಡಿದೆ, ಕಾಲು ನೋಡಿದೆ, ಇಂಥದು ಕಣ್ಣಿಗೆ ಬಿದ್ದು ವರ್ಷಗಳಾಗಿದ್ದವು. ನನ್ನ ಬಲಗೈ ಆಗಲೇ ಕೆಮ್ಮಣ್ಣಿನಲ್ಲಿತ್ತು. ಕಡಸು ಸಂದಿನ ನಡುವೆ ನಿಂತಿತು. ಮೂತಿಯನ್ನು ಪಡುವಣಕ್ಕೆ ಎತ್ತಿ, ಕೊರಳು ಚಾಚಿ, ಕೂಗಿತು.

ಆ ಸದ್ದನ್ನು ಬರೆದು ತಿಳಿಸುವುದು ಹೇಗೆ? ನೀವು ದಿನವೂ ಕೇಳಿ ಬೇಸತ್ತಿರುತ್ತೀರಿ. ನಮ್ಮಲ್ಲಿ ಒಬ್ಬಾತ ತಂಪುಮನೆಯ ತೊಲೆ ಸೀಳಿತೆಂದು ಆ ಕಡೆಗೆ ಓಡಿದ. ಹೆಂಗಸರು ಮಕ್ಕಳ ಬಾಯಿ ಮುಚ್ಚಿದರು, ಕೂಗಿದ್ದು ಮಕ್ಕಳೇ ಎಂಬಂತೆ. ಬೇಲಿಯೊಳಗಿದ್ದ ಹಿಂಡು ಮೇಯುವುದನ್ನು ನಿಲ್ಲಿಸಿತು. ಎಲ್ಲ ತಲೆಗಳೂ ಒಟ್ಟಿಗೇ ಪಡುವಣಕ್ಕೆ ತಿರುಗಿದವು. ಆ ದಿಕ್ಕಿನಲ್ಲಿ ಹಟ್ಟಿ ಇಲ್ಲ, ದನ ಇಲ್ಲ, ಹುಲ್ಲು ಕೂಡ ಸರಿಯಾಗಿಲ್ಲ. ಆ ದಿಕ್ಕಿನಿಂದಲೇ ಉತ್ತರ ಬಂತು. ಬಂಡೆಗೆ ಬಡಿದು ಮರಳಿದ ದನಿಯಲ್ಲ ಅದು. ದಪ್ಪ ಗಂಟಲು, ಸಣ್ಣ ಗಂಟಲು, ಎಳೆಗರುವಿನ ಗಂಟಲು, ಒಂದರ ಮೇಲೊಂದು.

ಬೋರಕ್ಕ ಕುಳಿತಲ್ಲೇ ಹೇಳಿದಳು, "ಬೂದಿ ಹಾಕು ಚಿತ್ತಯ್ಯ. ಆ ಕಡೆ ಏನೈತೋ ಏನೋ. ಇದು ಅದಕ್ಕೆ ನಮ್ ದಾರಿ ತೋರುಸ್ತಾ ಐತೆ."

ನುಂಕಮ್ಮ ಬಂಡೆಯ ಮರೆಯಿಂದ ಓಡಿಬಂದು ಕಡಸಿನ ಕೊರಳು ತಬ್ಬಿದಳು. "ಮಾವ, ಬೂದಿಗೆ ಕೈ ಹಾಕಿದ್ರೆ ನೀನು ನನಗೆ ಮಾವ ಅಲ್ಲ."

ಎರಡೂ ಕಡೆಯಿಂದ ಸಿಕ್ಕಿಬಿದ್ದ ಗಂಡಸು ಏನು ಮಾಡಬೇಕೋ ಅದನ್ನೇ ನಾನೂ ಮಾಡಿದೆ. ಕಣ್ಣು ಉಜ್ಜಿಕೊಂಡು, "ದೂಳು ಬಿತ್ತು. ಕಡೇದನ್ನ ನಾಳೆ ನೋಡ್ತೀನಿ," ಎಂದೆ.

"ಕಣ್ಣುಗಾರನ ಕಣ್ಣಿಗೂ ದೂಳು ಬೀಳ್ತೈತಾ?" ಎಂದಳು ಬೋರಕ್ಕ.

"ನಿಮ್ ಕಣ್ಣಿಗೆಲ್ಲ ಬೀಳೋ ದೂಳಲ್ಲಕ್ಕ ಅದು. ಒಳ್ಳೆ ತಳಿ ದೂಳು."

ಹೊತ್ತಿಳಿಯುವ ಮೊದಲು ನಾನೂ ನುಂಕಮ್ಮನೂ ಕಡಸನ್ನು ಮುಂದೆ ಬಿಟ್ಟುಕೊಂಡು ಪಡುವಣಕ್ಕೆ ನಡೆದೆವು. ದಾರಿ ಅದಕ್ಕೆ ಗೊತ್ತಿತ್ತು. ನೆಲದಿಂದ ಮೊಣಕಾಲೆತ್ತರಕ್ಕೆ ತಲೆಯೆತ್ತಿ ನಿಂತಿದ್ದ ಒಂದು ತುಕ್ಕುಹಿಡಿದ ಕೊಳವೆಯ ಬಳಿ ನಿಂತಿತು. ನಿಮ್ಮ ಕಾಲದಲ್ಲಿ ನೀರಿಗಾಗಿ ಕೊರೆದು, ನೀರು ಬರದೆ ಬಿಟ್ಟುಹೋದ ಕೊಳವೆಬಾವಿ. ಇಂಥವು ನಮ್ಮ ಬಯಲಿನಲ್ಲಿ ಲೆಕ್ಕವಿಲ್ಲದಷ್ಟಿವೆ, ಯಾವುದರಿಂದಲೂ ಏನೂ ಬರುವುದಿಲ್ಲ. ಇದರ ಬಾಯಿಂದ ವಾಸನೆ ಬರುತ್ತಿತ್ತು. ಹಸಿ ಸಗಣಿ, ಒದ್ದೆ ಹುಲ್ಲು, ನಮಗೆ ಗುರುತಿಲ್ಲದ ಯಾವುದೋ ಹೊಗೆ. ಕಡಸು ಕೊಳವೆಗೆ ಮೂತಿಯಿಟ್ಟು ಕೂಗಿತು. ಒಳಗಿಂದ, ಬಹಳ ಕೆಳಗಿಂದ, ಆ ದನಗಳು ಓಗೊಟ್ಟವು. ಅವುಗಳ ನಡುವೆ ಒಬ್ಬ ಮನುಷ್ಯನ ದನಿ, "ನವಣೀ... ಬಾರವ್ವ ನವಣೀ..."

ನುಂಕಮ್ಮನ ಕೈ ನನ್ನ ತೋಳನ್ನು ಹಿಡಿಯಿತು, ಹಿಡಿದ ಕಡೆ ಈಗಲೂ ಕಂದಿದೆ. ಅಂಗೈ ಬೀಳದ ಕಡಸಿಗೆ ಹೆಸರಿಡಬಾರದೆಂಬುದು ನಮ್ಮ ಕಟ್ಟಳೆ. "ನಾನ್ ಇದನ್ನ ಕರೆಯಾದು ಅದೇ ಹೆಸರಾಗೆ ಮಾವ," ಎಂದಳು. "ಯಾರಿಗೂ ಹೇಳಿಲ್ಲ. ಮನಸ್ನಾಗೇ ಕರೆಯಾದು."

ನಾನು ಧೈರ್ಯವಂತ, ಅದನ್ನು ಎಲ್ಲರೂ ಒಪ್ಪುತ್ತಾರೆ. ಆದರೂ ಹೆದರಿಕೆಯಾದಾಗ ಏನಾದರೂ ಕಿಡಿಗೇಡಿತನ ಮಾಡದಿದ್ದರೆ ನನಗೆ ಉಸಿರಾಡುವುದಿಲ್ಲ. ಒಂದು ಕಲ್ಲು ತೆಗೆದು ಕೊಳವೆಯೊಳಗೆ ಬಿಟ್ಟೆ. ಬಿದ್ದ ಸದ್ದು ಬರಲಿಲ್ಲ. ಬಹಳ ಹೊತ್ತಾದ ಮೇಲೆ ಕೆಳಗಿನ ದನಿ ಸ್ಪಷ್ಟವಾಗಿ ಹೇಳಿತು, "ಯಾವನ್ಲೇ ಅವ್ನು, ಕಲ್ಲು ಒಗೆಯಾನು?"

ಇಲ್ಲಿಂದ ಬಿಟ್ಟದ್ದು ನಿಮ್ಮ ಕಾಲಕ್ಕೆ ತಲುಪುತ್ತದೆ ಎಂದು ತಿಳಿದದ್ದು ಹೀಗೆ. ಕಲ್ಲು ಯಾರ ತಲೆಗೆ ಬಿತ್ತೋ ಅವರಲ್ಲಿ ಕ್ಷಮೆ ಕೇಳುತ್ತೇನೆ.

ಮರುದಿನ ಬೆಳಿಗ್ಗೆ, ಎಲ್ಲರೂ ನೋಡುತ್ತಿರುವಾಗ, ನಾನು ಆ ಕಡಸಿನ ಸೊಂಟದ ಮೇಲೆ ಬಲ ಅಂಗೈ ಒತ್ತಿದೆ. ಬಾವಿಯ ವಿಷಯ ಹೇಳಲಿಲ್ಲ; ಹೇಳಿದ್ದರೆ ಬೋರಕ್ಕ ಮೊದಲು ಅದರ ಬಾಯಿಗೆ ಬಂಡೆ ಜಡಿಸುತ್ತಿದ್ದಳು. ನೋವಾದಾಗ ಕೂಗುವ ಹಸು ಬೇಕು, ಅದರ ಹೊಟ್ಟೆಯಲ್ಲಿ ಕೂಗುವ ಕರುಗಳು ಹುಟ್ಟಬೇಕು, ಇಲ್ಲದಿದ್ದರೆ ನುಂಕಮ್ಮ ಹೆಣಗಳ ಪಕ್ಕ ಹಗ್ಗ ಹೊಸೆಯುತ್ತಲೇ ಇರಬೇಕಾಗುತ್ತದೆ ಎಂದೆ.

"ಇನ್ ತಂಪುಮನೇಲಿ ನಿದ್ದೆ ಅನ್ನಾದು ಮರ್ತುಬಿಡು," ಎಂದಳು ಬೋರಕ್ಕ.

"ಸತ್ತಮ್ಯಾಲೆ ಬೇಕಾದಷ್ಟು ಮಾಡಾನ ಬಿಡಕ್ಕ."

ಆವತ್ತಿನಿಂದ ದಿನವೂ ಸಂಜೆ, ಯಾರೂ ಹೊಡೆಯದಿದ್ದರೂ, ಹಿಂಡು ತಾನಾಗಿ ಆ ಬಾವಿಯ ಸುತ್ತ ಹೋಗಿ ನಿಲ್ಲುತ್ತದೆ. ನವಣಿ ಕೂಗುತ್ತದೆ. ಉಳಿದವು ಕೊರಳು ಚಾಚಿ ಬಾಯಿ ತೆರೆಯುತ್ತವೆ. ಬಯಲು ತುಂಬ ತೆರೆದ ಬಾಯಿಗಳು, ಅಲುಗುವ ಗಂಟಲುಗಳು, ಒಂದು ಚೂರೂ ಸದ್ದಿಲ್ಲ. ಮುದಿ ಹಸುಗಳು ಕೂಡ ಹಾಗೆ ಮಾಡುತ್ತವೆ. ಅವು ಕಲಿಯುತ್ತಿವೆ ಎಂದು ನುಂಕಮ್ಮ ಹೇಳುತ್ತಾಳೆ.

ನನ್ನ ಚಿಂತೆ ಅದಲ್ಲ. ಕೆಳಗಿನ ದನಿಗಳು ಸಂಜೆ ಸಂಜೆಗೆ ಕಡಿಮೆಯಾಗುತ್ತಿವೆ. ಮೊದಲು ಎಳೆಗರು ಹೋಯಿತು, ಆಮೇಲೆ ದಪ್ಪ ಗಂಟಲಿನವು. ದನ ಆರಿಸಿ ಬದುಕಿದವನು ನಾನು. ಆರಿಸುತ್ತಿರುವವರ ಸದ್ದು ನನಗೆ ತಿಳಿಯದೇ? ನೀವು ಕೂಗುವವನ್ನು ಒಂದೊಂದಾಗಿ ಕಳಿಸಿ, ಸುಮ್ಮನಿರುವವನ್ನು ಇಟ್ಟುಕೊಳ್ಳುತ್ತಿದ್ದೀರಿ. ಈ ಮೌನವನ್ನು ಕಟ್ಟಿದವರು ನಾವೇ ಎಂದು ಇಷ್ಟು ದಿನ ಬೀಗುತ್ತಿದ್ದೆ. ಅದರ ಬುನಾದಿ ನಿಮ್ಮಲ್ಲಿದೆ. ಮೊನ್ನೆ ಒಂದೇ ಒಂದು ಹಸು ಓಗೊಟ್ಟಿತು. ಅದರ ಹಿಂದೆಯೇ ಆ ಮನುಷ್ಯ ಯಾರಿಗೋ ಹೇಳುತ್ತಿದ್ದುದು ಕೇಳಿತು: "ಈ ನವಣಿ ಬಾಯಿ ತಡಕಳಾಕೆ ಆಗಲ್ಲಪ್ಪ. ಹೊತ್ತು ಮುಳುಗಿದ್ರೆ ಆ ಕೊಳವೆ ಮುಂದೆ ನಿಂತು ಅರಚ್ತೈತೆ. ಅಕ್ಕಪಕ್ಕದೋರು ಬೈತಾರೆ. ಈ ಸಂತೆಗೆ ಹೊಡೆದು ಬಿಡ್ತೀನಿ, ಅದರ ಕರೂನೂ ಕೂಡ."

ನಿನ್ನೆ ಬೆಳಿಗ್ಗೆ ನಮ್ಮ ಕಡಸಿನ ಕೊರಳು ಸವರಲು ಕೈ ಚಾಚಿದೆ. ಮೈ ಕೈಗೆ ಸಿಗುವ ಮೊದಲು ಒಂದು ಗಳಿಗೆ ಏನೂ ಸಿಗಲಿಲ್ಲ. ಕಣ್ಣೆದುರಿಗೇ ನಿಂತಿತ್ತು, ಕೈ ಮುಂದಕ್ಕೆ ಹೋಗುತ್ತಲೇ ಇತ್ತು. ಮಧ್ಯಾಹ್ನ ಬೋರಕ್ಕನ ಹತ್ತಿರ ಅದರ ಮಾತೆತ್ತಿದರೆ, "ಯಾವ ಕಡಸು?" ಎಂದಳು. ಕೀಟಲೆ ಮಾಡುವ ಹೆಂಗಸಲ್ಲ ಅವಳು, ಆ ಗುತ್ತಿಗೆ ಹಟ್ಟಿಯಲ್ಲಿ ನನ್ನೊಬ್ಬನದು. ಈ ಬೆಳಿಗ್ಗೆ ನುಂಕಮ್ಮ ಅದನ್ನು ಕರೆಯಲು ಬಾಯಿ ತೆರೆದು, ಹೆಸರು ಬಾರದೆ, ಸುಮ್ಮನೆ ನಿಂತುಬಿಟ್ಟಳು. ನಾನು ಹೇಳಿಕೊಟ್ಟೆ. ಇನ್ನು ಎಷ್ಟು ಹೊತ್ತು ಹೇಳಿಕೊಡಬಲ್ಲೆನೋ ಗೊತ್ತಿಲ್ಲ. ಆದ್ದರಿಂದಲೇ ಕಾಗದ ಬರೆಯಲು ಕುಳಿತೆ, ಮುಗಿದ ಕೂಡಲೇ ಕಲ್ಲಿಗೆ ಕಟ್ಟಿ ಬಾವಿಗೆ ಬಿಡುತ್ತೇನೆ.

ಆ ಮನುಷ್ಯ ನೀವೇ ಆಗಿದ್ದರೆ, ಆ ಹಸುವನ್ನು ಸಂತೆಗೆ ಹೊಡೆಯಬೇಡಿ. ನೀವಲ್ಲದಿದ್ದರೆ ಹುಡುಕಿ ಹೇಳಿ. ಕೊಟ್ಟಿಗೆಯ ಮಗ್ಗುಲಲ್ಲಿ ನೀರು ಬಾರದ ಕೊಳವೆಬಾವಿ ಇದೆ, ನವಣೆ ಬಣ್ಣದ ಹಸು, ಕಾರಣವಿಲ್ಲದೆ ಕೂಗುತ್ತದೆ ಎಂದು ಊರೆಲ್ಲ ಬೈಯುತ್ತದೆ. ಕಾರಣವಿದೆ. ಅದು ಓಗೊಡುವುದು ತನ್ನದೇ ಸಂತತಿಯ ನಮ್ಮ ಕಡಸಿಗೆ; ಅದು ಹೋದರೆ ನಮ್ಮದು ಹುಟ್ಟಿಯೇ ಇರುವುದಿಲ್ಲ. ಹೊಡೆದುಕೊಂಡು ಹೊರಟಾಗಿದ್ದರೆ ದಾರಿಯಿಂದಲೇ ತಿರುಗಿಸಿ. ಸಂತೆಯಲ್ಲಿ ಕೈಬದಲಾಗಿದ್ದರೆ ಬೆನ್ನುಹತ್ತಿ. ಅದರ ಹೆಣ್ಣುಗರುವನ್ನು ಉಳಿಸಿಕೊಳ್ಳಿ, ಆ ಕರುವಿನ ಮಕ್ಕಳಲ್ಲಿ ಎಲ್ಲಕ್ಕಿಂತ ಜೋರಾಗಿ ಕೂಗುವುದನ್ನು ಉಳಿಸಿಕೊಳ್ಳಿ. ನಿಮ್ಮ ನಿದ್ದೆ ಕೆಡುತ್ತದೆ, ಒಪ್ಪುತ್ತೇನೆ. ಜೀವಮಾನದಲ್ಲಿ ನಾನು ಯಾರನ್ನೂ ಬೇಡಿದವನಲ್ಲ, ಬೇಡುವುದು ಹೇಗೆಂದು ತಿಳಿಯದೆ ಅಪ್ಪಣೆಯ ಹಾಗೆ ಬರೆದಿದ್ದೇನೆ. ಬೇಡಿಕೆ ಎಂದೇ ಓದಿಕೊಳ್ಳಿ.

ಹೊತ್ತು ಇಳಿಯುತ್ತಿದೆ. ನುಂಕಮ್ಮ ಹೊರಗೆ ಬಂದು ನಿಂತಿದ್ದಾಳೆ. ಅವಳ ಕೈಯಲ್ಲಿ ಒಂದು ಹಗ್ಗವಿದೆ, ಹಗ್ಗ ಬಿಗಿಯಾಗಿದೆ. ಆ ತುದಿಯಲ್ಲಿ ಏನನ್ನು ಕಟ್ಟಿದ್ದಾಳೆಂದು ಕೇಳಿದೆ. ಅವಳು ಹಗ್ಗವನ್ನು ನೋಡಿದಳು, ನನ್ನನ್ನು ನೋಡಿದಳು, ಅಳತೊಡಗಿದಳು. ನಾವಿಬ್ಬರೂ ಬಾವಿಯ ಬಳಿ ಹೋಗಿ ಕಿವಿಗೊಟ್ಟು ನಿಲ್ಲುತ್ತೇವೆ. ನಿಮ್ಮ ಹಸುವಿಗೆ ಒಮ್ಮೆ ಕೂಗಲು ಬಿಡಿ. ನಾವು ಏನನ್ನು ಹಿಡಿದುಕೊಂಡಿದ್ದೇವೆ ಎಂಬುದು ನಮಗೆ ನೆನಪಾಗಬೇಕು.

ಕಣ್ಣುಗಾರ ಚಿತ್ತಯ್ಯ